ಇಳಿ ಅಂದವನ ದನಿ

“ನೀ ಇಳಿ ಅಂದಿ, ನಾ ಇಳದೆ. ಈಗ ನನ್ನನ್ನ ಮನ್ಯಾಗ ಕುಂಡ್ರಿಸಿ, ಹೆಂಗದಾನ ನೋಡೂಣು ಅಂತ ಬಂದೀಯೇನಲೇ?”

ಪರಮೇಶಪ್ಪನ ಕೂಗಿಗೆ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಸೋಮಪ್ಪ ಇನ್ನೂ ಚಪ್ಪಲಿ ಕಳಚಿರಲಿಲ್ಲ. ಗುತ್ತಲದಿಂದ ಹಾವೇರಿ, ಹಾವೇರಿಯಿಂದ ಬ್ಯಾಡಗಿ ಎಂದು ಬಸ್ಸು ಬದಲಿಸಿ ಬಂದವನಿಗೆ ಒಂದು ತಂಬಿಗೆ ನೀರೂ ಸಿಕ್ಕಿರಲಿಲ್ಲ.

“ನಿನ್ನ ಯಂತ್ರ ಏರು ಏರು ಅಂತ ಹೊಯ್ಕೊಳ್ಳಾಕತ್ತಿತ್ತು,” ಅಂದ ಸೋಮಪ್ಪ. “ಅದನ್ನ ಬಿಟ್ಟು ನನ್ನ ಮಾತು ಯಾಕ ಕೇಳಿದಿ? ಮೊದಲ ಅದನ್ನ ಹೇಳು.”

ಮನೆ ಪರಮೇಶಪ್ಪನ ಅಕ್ಕ ಗುತ್ತೆವ್ವನದು. ಅವಳು ಹೊರಗೆ ಬಂದು, ಇಬ್ಬರು ಗಂಡಸರ ಜಗಳ ಕೇಳುವುದಕ್ಕೆ ನಿಮಗೇನು ಕೂಲಿ ಕೊಡುವುದಿಲ್ಲ ಎಂದು ಹೆಂಗಸರನ್ನು ಊಟಕ್ಕೆ ಕಳಿಸಿದಳು. ಆಮೇಲೆ ತಾನು ಒಳಗೆ ರೊಟ್ಟಿ ಬಡಿಯುತ್ತ, ಕಿವಿಯನ್ನು ಮಾತ್ರ ಪಡಸಾಲೆಯಲ್ಲಿ ಬಿಟ್ಟಳು.

ಅದು ತೊಂಬತ್ತೊಂಬತ್ತನೆಯ ಇಸವಿಯ ಮೆಣಸಿನಕಾಯಿ ಸುಗ್ಗಿ. ರಾಣೇಬೆನ್ನೂರಿನ ಪರಮೇಶಪ್ಪ ಜನ ತುಂಬಿದ ವಿಮಾನ ಹಾರಿಸುವ ಕ್ಯಾಪ್ಟನ್. ಗುತ್ತಲದ ಸೋಮಪ್ಪ ಒಂದು ದೊಡ್ಡ ಊರಿನ ವಿಮಾನ ನಿಲ್ದಾಣದಲ್ಲಿ ರಾಡಾರಿನ ಮುಂದೆ ಮೈಕು ಹಿಡಿದು ಕೂತು, ಆಕಾಶದಲ್ಲಿರುವವರಿಗೆ ಏರು, ಇಳಿ ಎಂದು ದಾರಿ ತೋರಿಸುವವನು. ಹಾವೇರಿಯ ಹಾಸ್ಟೆಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು. ಕೆಲಸದ ಮಾತೆಲ್ಲ ಇಂಗ್ಲಿಷಿನಲ್ಲೇ ಆಗಬೇಕು. ಆದರೂ ಪರಮೇಶಪ್ಪನ ವಿಮಾನ ಆ ಊರಿನ ಮೇಲೆ ಹಾಯುವಾಗ ಸೋಮಪ್ಪ ಕೊನೆಗೊಂದು “ಹೂಂ, ಸಾವಕಾಶ ಹೋಗಪಾ” ಸೇರಿಸುತ್ತಿದ್ದ. ಉಳಿದ ಪೈಲಟ್ಟುಗಳು ಅದೇನೋ ಮಂತ್ರ ಎಂದುಕೊಂಡು ಸುಮ್ಮನಿರುತ್ತಿದ್ದರು.

ಎದುರುಬದುರಾಗುವ ವಿಮಾನಗಳನ್ನು ಎಚ್ಚರಿಸುವ ಯಂತ್ರ ಆಗಷ್ಟೇ ಬಂದಿತ್ತು. ಓಣಿಯಲ್ಲಿ ಚೀಲ ಹೊತ್ತ ಇಬ್ಬರು ಹಮಾಲರು ಎದುರಾದರೆ ಒಬ್ಬ ಈ ಗೋಡೆಗೆ, ಇನ್ನೊಬ್ಬ ಆ ಗೋಡೆಗೆ ಸರಿಯಬೇಕಲ್ಲ? ಇಬ್ಬರೂ ಒಂದೇ ಗೋಡೆಗೆ ಸರಿದರೆ ತಲೆಗೆ ತಲೆ. ಈ ಯಂತ್ರಗಳೂ ಹಾಗೆಯೇ. ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಬ್ಬನಿಗೆ ಏರು ಅನ್ನುತ್ತವೆ, ಇನ್ನೊಬ್ಬನಿಗೆ ಇಳಿ ಅನ್ನುತ್ತವೆ. ಅವು ಬಾಯಿ ತೆರೆದ ಮೇಲೆ ನೆಲದವರ ಮಾತು ಕೇಳಬೇಡಿ ಎಂದು ತರಬೇತಿಯಲ್ಲಿ ಗಿಣಿಗೆ ಕಲಿಸಿದ ಹಾಗೆ ಕಲಿಸಿದ್ದರು.

ಒಂದು ದಿನ ಮೋಡದೊಳಗೆ ಪರಮೇಶಪ್ಪನ ವಿಮಾನಕ್ಕೆ ಇನ್ನೊಂದು ವಿಮಾನ ಎದುರಾಯಿತು. ಯಂತ್ರ ಪರಮೇಶಪ್ಪನಿಗೆ ಏರು ಅಂದಿತು. ಅದು ಏನು ಅಂದಿತೆಂದು ನೆಲದ ಮೇಲೆ ಕೂತ ಸೋಮಪ್ಪನಿಗೆ ಗೊತ್ತಾಗುವ ಹಾಗಿರಲಿಲ್ಲ. ಪರದೆಯ ಮೇಲೆ ಎರಡು ಚುಕ್ಕಿ ಕೂಡುವುದನ್ನು ಕಂಡು ಅವನು ಇಂಗ್ಲಿಷಿನಲ್ಲಿ ಇಳಿ ಅಂದ. ಜೀವ ಬಾಯಿಗೆ ಬಂದು, ಹಿಂದೆಯೇ ಕನ್ನಡದಲ್ಲಿ “ಲಗೂ ಇಳಿಯಲೇ ಪಮ್ಯಾ” ಅಂದುಬಿಟ್ಟ.

ಪರಮೇಶಪ್ಪ ಇಳಿದ. ಆ ಕಡೆಯವನೂ ತನ್ನ ಯಂತ್ರ ಹೇಳಿದಂತೆ ಇಳಿಯುತ್ತಿದ್ದ. ಮೋಡ ಹರಿದು ಎದುರಿನವನಿಗೆ ಈ ವಿಮಾನ ಕಣ್ಣಾರೆ ಕಂಡಿತು, ಅವನು ತನ್ನದನ್ನು ಮಗ್ಗುಲಿಗೆ ಹೊರಳಿಸಿದ. ಎಲ್ಲರೂ ಬದುಕಿದರು. ಪರಮೇಶಪ್ಪನ ವಿಮಾನ ಗಕ್ಕನೆ ಇಳಿದ ರಭಸಕ್ಕೆ, ಅದರಲ್ಲಿ ಚಹಾ ಹಂಚುತ್ತಿದ್ದ ಹುಡುಗಿ ಮೇಲಿನ ಚಾವಣಿಗೆ ಬಡಿದು ಕೈ ಮುರಿದುಕೊಂಡಳು.

ಅಂದಿನಿಂದ ಪರಮೇಶಪ್ಪನ ಹಾರಾಟ ನಿಲ್ಲಿಸಿ ನೆಲದ ಮೇಲೆ ಕೂರಿಸಿದ್ದರು. ಅಕ್ಕನ ಮನೆಗೆ ಬಂದವನು ಹಾಲಿನವನೊಡನೆ, ಕ್ಷೌರದವನೊಡನೆ, ಕೊನೆಗೆ ಪಕ್ಕದ ಮನೆಯ ಎಮ್ಮೆಯೊಡನೆಯೂ ಜಗಳ ಮಾಡಿ ಮುಗಿಸಿದ್ದ. ಬರುವ ಸೋಮವಾರ ವಿಚಾರಣೆಗೆ ಕೂತ ವಿಮಾನ ಕಂಪನಿಯ ಹಿರಿಯರ ಮುಂದೆ ನಿಲ್ಲಬೇಕಿತ್ತು. ಅವರು ಕೇಳುವುದು ಒಂದೇ ಪ್ರಶ್ನೆ: ಇನ್ನೊಮ್ಮೆ ಹಾಗಾದರೆ ಯಾರ ಮಾತು ಕೇಳುತ್ತೀ? ಉತ್ತರ ಸರಿಯಾದರೆ ಆಕಾಶ, ತಪ್ಪಿದರೆ ಹೀಗೇ ಎಮ್ಮೆಯ ಜೊತೆ ಜಗಳ.

“ಯಂತ್ರದ ಮಾತು ಅಂತ ಹೇಳಿಬಿಡು,” ಅಂದ ಸೋಮಪ್ಪ. “ಅದರಾಗ ಏನೈತಿ?”

“ಹೇಳಾಕ ಬರತೈತಿ. ಖರೇ ಅಲ್ಲಲ್ಲ.” ಪರಮೇಶಪ್ಪನ ದನಿ ತಗ್ಗಿತು. “ನೂರಾ ಐವತ್ತು ಮಂದಿ ಬೆನ್ನ ಹಿಂದ ಕುಂತಿರತಾರ ಸೋಮ್ಯಾ. ನಾಳೆ ನೀ ಮತ್ತ ಇಳಿ ಅಂದರ, ನನ್ನ ಕೈ ನನ್ನನ್ನ ಕೇಳೂದಿಲ್ಲ. ಇಳಿತೈತಿ.”

ಸೋಮಪ್ಪ ಕನ್ನಡ ಬಿಡುತ್ತೇನೆ ಅಂದ. ಇಂಗ್ಲಿಷಿನಲ್ಲಾದರೂ ದನಿ ನಿನ್ನದೇ ಅಲ್ಲವೇ ಅಂದ ಪರಮೇಶಪ್ಪ. ಬೇರೆ ಊರಿಗೆ ಬದಲಿ ಮಾಡಿಸಿಕೊಳ್ಳುತ್ತೇನೆ ಅಂದ ಸೋಮಪ್ಪ. ವಿಮಾನ ಯಾವ ಊರಿಗೆ ಹೋಗುವುದಿಲ್ಲ?

ಈ ರೋಗ ಇಂದಿನದಲ್ಲ. ಹುಡುಗರಾಗಿದ್ದಾಗ ರಜೆಯಲ್ಲಿ ಇಬ್ಬರೂ ಪರಮೇಶಪ್ಪನ ಮನೆಯವರ ಕುಪ್ಪೇಲೂರಿನ ಹೊಲದ ಬಾವಿಗೆ ಈಜಲು ಹೋಗುತ್ತಿದ್ದರು. ಕೆಳಗೆ ಬೇರೆ ಹುಡುಗರು ಈಜುತ್ತಿರುತ್ತಿದ್ದರು. ನೋಡದೆ ಜಿಗಿದರೆ ಯಾರದಾದರೂ ತಲೆಯ ಮೇಲೆ ಬೀಳುವುದೇ. ಪರಮೇಶಪ್ಪನಿಗೆ ಆಳ ಕಂಡರೆ ತಲೆ ತಿರುಗುತ್ತಿತ್ತು. ಕಣ್ಣು ಮುಚ್ಚಿ ದಂಡೆಯ ಮೇಲೆ ನಿಲ್ಲುತ್ತಿದ್ದ. ಸೋಮಪ್ಪ ನೋಡಿ “ಜಿಗಿ” ಅನ್ನುತ್ತಿದ್ದ. ಇವನು ಜಿಗಿಯುತ್ತಿದ್ದ. ಒಂದು ದಿನವೂ ತಪ್ಪಲಿಲ್ಲ. ಹೀಗೆ ಕಣ್ಣು ಮುಚ್ಚಿ ಜಿಗಿದೇ ಅವನ ಅಂಜಿಕೆ ಹೋಯಿತು, ಮುಂದೆ ವಿಮಾನವೂ ಬಂತು.

“ಬಾವ್ಯಾಗ ಜಿಗಿ ಅಂದಾಂವ ನೀನ,” ಅಂದ ಪರಮೇಶಪ್ಪ. “ಯಂತ್ರ ನಿನ್ನೆ ಮೊನ್ನೆ ಬಂದದ್ದು.”

ಸೋಮಪ್ಪ ಹೊರಗಿನ ಘಾಟಿಗೆ ಕೆಮ್ಮಿದ, ಕಣ್ಣು ಒರೆಸಿಕೊಂಡ. ಆಮೇಲೆ ಹಲ್ಲು ಕಿರಿದು ನಕ್ಕ. ಆ ನಗೆ ಅವನದಾಗಿರಲಿಲ್ಲ.

“ಹುಚ್ಚ ನೀನು. ಬಾವ್ಯಾಗ ನಾ ಯಾವತ್ತ ಇಣುಕಿ ನೋಡೇನಿ? ಬಾಯಿಗೆ ಬಂದಾಗ ಜಿಗಿ ಅಂತಿದ್ದೆ. ನೀ ಸತ್ತರ ಸಾಯಿ ಅಂತ. ಬೀಳೂದು ನೋಡಿ ನಗತಿದ್ವಿ ನಾವು.”

ಪರಮೇಶಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ನೆತ್ತಿಗೆ ರಕ್ತ ಏರಿತು. ಮೂವತ್ತು ವರ್ಷ ತಾನು ನಿಂತ ಕಲ್ಲನ್ನೇ ಯಾರೋ ಎಳೆದಂತಾಯಿತು. ಅವನು ಎದ್ದು ಬಾಗಿಲಿಗೆ ಕೈ ತೋರಿಸಿದ. “ಏಳು. ನಿನ್ನ ಮಾರಿ ನೋಡೂದಿಲ್ಲ ನಾ. ನಿನ್ನ ದನೀನೂ ಬ್ಯಾಡ.”

“ಅಷ್ಟ ಆಗಬೇಕಾಗಿತ್ತು,” ಅಂದ ಸೋಮಪ್ಪ. ಹೊಸ್ತಿಲಲ್ಲಿ ನಿಂತು, ಬೆನ್ನು ತಿರುಗಿಸಿಯೇ ಹೇಳಿದ: “ಇನ್ನ ಮ್ಯಾಲೆ ಯಂತ್ರ ಹೇಳಿದ್ದನ್ನ ಕೇಳು.” ಹೊರಟುಹೋದ.

ಗುತ್ತೆವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು.

“ಕಳಿಸಿದಿ? ಭೇಷ್. ಆ ಹುಡುಗನ ಅಂಗಿ ರಜಾದಾಗ ಒಗೀತಿದ್ದಾಕಿ ನಾನು. ಎದಿ ತುಂಬ ಬಾವಿ ದಂಡಿ ಪಾಚಿ. ಕಲ್ಲಿಗೆ ತಿಕ್ಕಿದರೂ ಹೋಗತಿದ್ದಿಲ್ಲ. ಹೊಟ್ಟಿ ಮ್ಯಾಲೆ ಮಲಗಿ ಇಣುಕದ ಹತ್ತತೈತೇನು ಅದು?”

ಪರಮೇಶಪ್ಪ ಬರಿಗಾಲಲ್ಲಿ ಓಡಿದ. ಓಣಿಯ ತುಂಬ ಮೆಣಸಿನಕಾಯಿ ಚೀಲದ ಬಂಡಿಗಳು. ಬಸ್ ಸ್ಟ್ಯಾಂಡಿನ ಕಡೆ ತಿರುಗುವಲ್ಲಿ ಸೋಮಪ್ಪನ ಬೆನ್ನು ಕಂಡಿತು. ಇವನು ಕೂಗಿದ. ಬಂಡಿಯವರು ತಿರುಗಿದರು, ಅಂಗಡಿಯವರು ತಿರುಗಿದರು. ಆ ಕೂಗು ಯಾರದೆಂದು ಊರಲ್ಲೆಲ್ಲ ಚೆನ್ನಾಗಿ ಬಲ್ಲವನು ಸೋಮಪ್ಪನೊಬ್ಬನೇ. ಅವನ ಹೆಜ್ಜೆ ಒಂದು ಗಳಿಗೆ ತಡೆಯಿತು. ತಿರುಗಲಿಲ್ಲ. ಹಾವೇರಿಯ ಬಸ್ಸು ಹತ್ತಿದ.

ಸೋಮವಾರ ಹಿರಿಯರು ಕೇಳಿದಾಗ ಪರಮೇಶಪ್ಪ ತೊದಲದೆ, ಯಂತ್ರದ ಮಾತು ಎಂದ. ಆ ದನಿ ಕೊನೆಯದಾಗಿ ಹೇಳಿದ್ದೂ ಅದನ್ನೇ ತಾನೆ. ಮತ್ತೆ ಹಾರಿದ. ಆ ಊರಿನ ಮೇಲೆ ಹಾಯುವಾಗಲೆಲ್ಲ ಮೈಕಿನಲ್ಲಿ ಬೇರೆ ಯಾರೋ ಮಾತಾಡುತ್ತಿದ್ದರು. ಸೋಮಪ್ಪ ತಾನೇ ಕೇಳಿಕೊಂಡು ಮೈಕಿಲ್ಲದ ಮೇಜಿಗೆ ಹೋದನಂತೆ ಎಂದು ಯಾರೋ ಅಂದರು. ಗುತ್ತೆವ್ವನ ಬಾಗಿಲಿಗೆ ಅವನು ಮತ್ತೆ ಬರಲಿಲ್ಲ.