ಏಳನೇ ಕ್ಲಾಸಿನ ಹುಡುಗಿ ಕ್ಲಬ್ಬಿಗೆ ಹೋದಳು

ಬಟ್ಟೆಯನ್ನು ಮೇಜಿನ ಮೇಲೆ ಹರಡುವ ಮೊದಲು ಜೇಬಿಗೆ ಕೈ ಹಾಕಿ ನೋಡುವುದು ಇಸ್ತ್ರಿ ಅಂಗಡಿಯವರ ಅಭ್ಯಾಸ. ಪೆನ್ನು ಉಳಿದಿದ್ದರೆ ಅಂಗಿ ಹಾಳು, ಚಾಕಲೇಟು ಉಳಿದಿದ್ದರೆ ಇಸ್ತ್ರಿಪೆಟ್ಟಿಗೆಯೇ ಹಾಳು. ಜೇಬಿನಲ್ಲಿ ಸಿಕ್ಕಿದ್ದನ್ನೆಲ್ಲ ಹಾಕಿಡಲು ನಮ್ಮ ಇಸ್ತ್ರಿಯಕ್ಕ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡಿದ್ದಳು. ಗಿರಾಕಿಗಳ ಚೀಟಿಯನ್ನು ಅವಳು ಒಂದು ದಿನವೂ ಬಿಡಿಸಿ ಓದಿದವಳಲ್ಲ. ಆ ವಿಷಯದಲ್ಲಿ ಅವಳು ಬಹಳ ಕಟ್ಟುನಿಟ್ಟು.

ಆದರೆ ಆ ಶುಕ್ರವಾರ ಚೀಟಿ ಸಿಕ್ಕಿದ್ದು ಮಗಳ ಶಾಲೆಯ ಕೋಟಿನಲ್ಲಿ. ಮಗಳು ಗಿರಾಕಿಯಲ್ಲವಲ್ಲ! ಇಸ್ತ್ರಿಯಕ್ಕ ಬಿಡಿಸಿಯೇಬಿಟ್ಟಳು.

"ಶುಕ್ರವಾರ ಕ್ಲಬ್. ನಾಲ್ಕೂವರೆಗೆ ಹಿಂದಿನ ಕೋಣೆ. ನೀನು ಬರದಿದ್ದರೆ ಎರಡು ಕೈ ಕಮ್ಮಿ. ಆಟ ಕೆಡುತ್ತೆ. ನಿಮ್ಮಮ್ಮನಿಗೆ ಹೇಳಬೇಡ."

ಇನ್ನೊಂದು ಸಲ ಓದಿದಳು. ಓದುತ್ತಲೇ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಡಲು ಹೋದಳು. ಅದರ ಕಾದ ಅಂಚು ಬಲಗೈ ಮಣಿಕಟ್ಟಿನ ಒಳಬದಿಗೆ ಚುರ್ ಎಂದು ತಾಗಿತು.

ಸುಟ್ಟ ಕೈಗೆಂದೇ ಅಂಗಡಿಯಲ್ಲಿ ಒಂದು ಟೂತ್‌ಪೇಸ್ಟ್ ಇರುತ್ತಿತ್ತು. ಅದನ್ನು ಬೆರಳಲ್ಲಿ ತೆಗೆದು ಗಾಯಕ್ಕೆ ಬಳಿದುಕೊಂಡಳು. ಸ್ವಿಚ್ಚು ಆರಿಸಿದಳು. ಅಂಗಡಿಯ ಬಾಗಿಲು ಅರ್ಧ ಎಳೆದು ಶಾಲೆಯ ಕಡೆ ಹೊರಟೇಬಿಟ್ಟಳು. ಗಡಿಯಾರದಲ್ಲಿ ನಾಲ್ಕೂ ನಲವತ್ತಾಗಿತ್ತು.

ಒಂದು ಚೀಟಿಗೆ ಇಷ್ಟೊಂದು ಗಾಬರಿಯೇ ಎಂದು ನಗಬೇಡಿ. ಅವಳ ಕಿವಿಗೆ 'ಕ್ಲಬ್' ಎಂದರೆ ಒಂದೇ ಅರ್ಥ, ಇಸ್ಪೀಟು. ಅವಳ ಅಪ್ಪ ಹಗಲೆಲ್ಲ ಕೂರುತ್ತಿದ್ದದ್ದು ಅಲ್ಲೇ. ಸ್ನೇಹಿತರು ಮನೆಯ ಮುಂದೆ ನಿಂತು, "ಒಂದು ಕೈ ಕಮ್ಮಿ ಇದೆ, ಬಾರಯ್ಯಾ" ಎಂದು ಕೂಗಿದರೆ ಸಾಕು, ತಟ್ಟೆಯ ಮುಂದಿನಿಂದ ಎದ್ದು ಹೋಗುತ್ತಿದ್ದ. ಕರೆದುಕೊಂಡು ಬಾ ಎಂದು ಅಮ್ಮ ಇವಳನ್ನು ಓಡಿಸುತ್ತಿದ್ದಳು. ಹೊಗೆ ತುಂಬಿದ ಆ ಕೋಣೆಯ ಹೊರಗೆ ನಿಂತು, "ಅಪ್ಪಾ, ಮನೆಗೆ ಬಾ" ಎಂದರೆ, "ಇದೊಂದಾಟ ಮುಗೀಲಿ" ಎನ್ನುತ್ತಿದ್ದ. ಇದೊಂದಾಟ, ಇದೊಂದಾಟ ಎನ್ನುತ್ತಲೇ ಮಗಳು ದೊಡ್ಡವಳಾಗಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಈಗ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೂ ಅದೇ ಕರೆ ಬಂದಿದೆ. ಅದೂ ಹನ್ನೆರಡು ವರ್ಷಕ್ಕೆ. ಪ್ರತಿ ಶುಕ್ರವಾರ ತಡವಾಗಿ ಬಂದು, "ಸ್ಪೆಷಲ್ ಕ್ಲಾಸ್ ಇತ್ತಮ್ಮ" ಎನ್ನುತ್ತಿದ್ದಳಲ್ಲ, ಅದರ ಬಣ್ಣ ಬಯಲಾಯಿತು ಎಂದುಕೊಂಡಳು. ಹೆಜ್ಜೆ ಹೆಜ್ಜೆಗೂ ಸಿಟ್ಟು ಏರುತ್ತಿತ್ತು. ಅದರ ಅಡಿಯಲ್ಲಿ ಭಯ ಇನ್ನೂ ಜಾಸ್ತಿ ಇತ್ತು.

ಶಾಲೆಯ ಗೇಟಿನಲ್ಲಿ ಕಾವಲುಗಾರ ತಡೆದ. "ಯಾರನ್ನ ನೋಡ್ಬೇಕಮ್ಮ?"

"ನನ್ನ ಮಗಳನ್ನ. ಏಳನೇ ಕ್ಲಾಸು. ಇಲ್ಲಿ… ಇಲ್ಲಿ ಕ್ಲಬ್ಬು ನಡೆಯುತ್ತಾ?"

"ನಡೆಯುತ್ತಲ್ಲ, ಶುಕ್ರವಾರ ಜೋರು! ಹಿಂದಿನ ಕೋಣೆಗೆ ಹೋಗಿ. ಆಗಲೇ ಶುರುವಾಗಿದೆ," ಎಂದು ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಒಳಗೆ ಬಿಟ್ಟ.

ಹಾಡಹಗಲೇ, ಶಾಲೆಯಲ್ಲೇ, ಕಾವಲುಗಾರನಿಗೂ ಗೊತ್ತಿದ್ದೇ! ಇಸ್ತ್ರಿಯಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪ್ರಯೋಗಾಲಯ ದಾಟಿ, ಸೈಕಲ್ ನಿಲ್ಲಿಸುವ ಜಾಗ ದಾಟಿ, ಹಿಂದಿನ ಕೋಣೆಯ ಕಿಟಕಿಗೆ ಮುಖ ಹಚ್ಚಿದಳು.

ಒಂದು ಮೇಜು. ಸುತ್ತ ಆರು ಮಕ್ಕಳು. ಎಲ್ಲರ ಕೈಯಲ್ಲೂ ಕಾರ್ಡುಗಳು! ಅವಳ ಮಗಳು ತನ್ನ ಕಾರ್ಡನ್ನು ಎದೆಗೆ ಒತ್ತಿಕೊಂಡು, ಎದುರಿನವಳ ಮುಖ ನೋಡಿ ತುಂಟತನದಿಂದ ನಗುತ್ತಿದ್ದಳು. ಮೇಜಿನ ತುದಿಯಲ್ಲಿ ಕುಳಿತು ಹಂಚುತ್ತಿದ್ದವರು ಬೇರೆ ಯಾರೂ ಅಲ್ಲ, ನರ್ಸಮ್ಮ. ಆಸ್ಪತ್ರೆಯಿಂದ ನಿವೃತ್ತರಾದ ಮೇಲೂ ವಾರ ವಾರ ಇವಳಲ್ಲಿಗೇ ಬಟ್ಟೆ ತಂದುಕೊಡುವ, ಬೀದಿಯೆಲ್ಲ ಗೌರವ ಕೊಡುವ ನರ್ಸಮ್ಮ.

ಇಸ್ತ್ರಿಯಕ್ಕ ಬಾಗಿಲು ತಳ್ಳಿ ಒಳಗೆ ನುಗ್ಗಿದಳು.

"ಏಳೇ ಮೇಲೆ! ಇದೇನೇನೇ ನಿನ್ನ ಸ್ಪೆಷಲ್ ಕ್ಲಾಸು? ನರ್ಸಮ್ಮ, ನೀವೂನಾ? ಹೆತ್ತವರ ಹೊಟ್ಟೆ ಉರಿಸೋಕೆ ಬೇರೆ ಕಡೆ ಜಾಗ ಸಿಗಲಿಲ್ವಾ ನಿಮಗೆ?"

ಎಡಗೈಯಿಂದ ಮೇಜು ಬಾಚಿದಳು. ಕಾರ್ಡುಗಳು ನೆಲದ ತುಂಬ ಚೆಲ್ಲಿದವು. ಒಬ್ಬ ಪುಟ್ಟ ಹುಡುಗ ಕುರ್ಚಿಯ ಹಿಂದೆ ಸರಿದ. ಇಸ್ತ್ರಿಯಕ್ಕ ಮಗಳ ಕಡೆ ಬಲಗೈ ಎತ್ತಿದಳು.

ಎತ್ತಿದ ಕೈ ಕೆಳಗೆ ಬರಲಿಲ್ಲ. ಮಗಳು ಅದನ್ನು ಹಿಡಿದುಕೊಂಡಿದ್ದಳು. ಅವಳ ಕಣ್ಣು ಅಮ್ಮನ ಮುಖದ ಮೇಲಿರಲಿಲ್ಲ, ಮಣಿಕಟ್ಟಿನ ಮೇಲಿತ್ತು.

"ಅಮ್ಮ, ಕೈ ಸುಟ್ಟಿದೆ. ಯಾವಾಗ?"

"ಬಿಡೇ ಕೈ!"

"ಯಾವಾಗ ಸುಟ್ಟಿದ್ದು ಹೇಳು. ಬಾ ಇಲ್ಲಿ."

ಆ ಧ್ವನಿಯನ್ನು ಇಸ್ತ್ರಿಯಕ್ಕ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡಲೂ ಹಿಂಜರಿಯುವ ಹುಡುಗಿ ಅದು. ಈಗ ಅಮ್ಮನನ್ನೇ ಎಳೆದುಕೊಂಡು ಹೊರಗಿನ ನಲ್ಲಿಯ ಹತ್ತಿರ ಬಂದಳು. ಮೊದಲು ಬಳೆ ಬಿಚ್ಚಿದಳು. "ಊದಿಕೊಂಡ್ರೆ ಆಮೇಲೆ ಬರಲ್ಲ," ಎಂದಳು. ನಲ್ಲಿ ತಿರುಗಿಸಿ, ಸುಟ್ಟ ಜಾಗದ ಮೇಲೆ ತಣ್ಣೀರು ಹರಿಯಬಿಟ್ಟಳು. ಪೇಸ್ಟು ತಾನಾಗಿಯೇ ಕರಗಿ ಹೋಯಿತು. ಕೆಳಗೆ ಚರ್ಮ ಕೆಂಪಗೆ ಉರಿಯುತ್ತಿತ್ತು.

"ಇಪ್ಪತ್ತು ನಿಮಿಷ ಹೀಗೇ ಇರ್ಬೇಕು. ಕೈ ತೆಗೀಬೇಡ. ಪೇಸ್ಟ್ ಹಚ್ಚಬಾರದು, ಎಣ್ಣೆ ಹಚ್ಚಬಾರದು, ಐಸೂ ಇಡಬಾರದು."

"ಇಪ್ಪತ್ತು ನಿಮಿಷ ನಾನಿಲ್ಲಿ ನಿಂತ್ಕೊಳ್ಳೋದಾ? ಅಂಗಡಿ ಅರ್ಧ ತೆರೆದಿಟ್ಟು ಬಂದಿದ್ದೀನಿ!"

"ತೆಗೀಬೇಡ ಅಂದ್ನಲ್ಲ."

ಮಗಳ ಒಂದು ಕೈಯಲ್ಲಿ ಅಮ್ಮನ ಕೈ, ಇನ್ನೊಂದರಲ್ಲಿ ಬರುವಾಗ ನರ್ಸಮ್ಮನಿಂದ ಇಸಿದುಕೊಂಡ ಗಡಿಯಾರ. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಕೈ ಖಾಲಿ ಇರಲಿಲ್ಲ.

ನರ್ಸಮ್ಮ ಹೊರಗೆ ಬಂದು ಗಾಯ ನೋಡಿದರು. "ಸರಿಯಾಗೇ ಮಾಡಿದ್ದಾಳೆ. ಗುಳ್ಳೆ ಎದ್ರೆ ಒಡೀಬೇಡ, ಡಾಕ್ಟರಿಗೆ ತೋರಿಸು," ಎಂದರು. ನೆಲದಿಂದ ಎತ್ತಿಕೊಂಡಿದ್ದ ಒಂದು ಕಾರ್ಡನ್ನು ಇಸ್ತ್ರಿಯಕ್ಕನ ಮುಂದೆ ಹಿಡಿದರು. "ಓದಮ್ಮ."

ಅದರಲ್ಲಿ ರಾಜನೂ ಇರಲಿಲ್ಲ, ರಾಣಿಯೂ ಇರಲಿಲ್ಲ. ದುಂಡನೆಯ ಅಕ್ಷರದಲ್ಲಿ, "ಅಡುಗೆ ಮನೆಯಲ್ಲಿ ತಮ್ಮನ ಕೈ ಸುಟ್ಟಿದೆ. ಮೊದಲು ಏನು ಮಾಡುವೆ?" ಎಂದು ಬರೆದಿತ್ತು.

"ಪ್ರಥಮ ಚಿಕಿತ್ಸೆ ಕ್ಲಬ್ಬು ಕಣಮ್ಮ ಇದು. ಕಾರ್ಡು ಎತ್ತಬೇಕು, ಅದರಲ್ಲಿ ಬಂದಿದ್ದನ್ನ ಮಾಡಿ ತೋರಿಸಬೇಕು. ಅದೇ ಆಟ."

"ಮತ್ತೆ… ಎರಡು ಕೈ ಕಮ್ಮಿ ಅಂತ ಬರೆದಿತ್ತಲ್ಲ?"

ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಮುಂದೆ ಬಂದಳು. ಮಾತು ಜಾಸ್ತಿ ಎಂದು ಕ್ಲಾಸಿನವರೆಲ್ಲ ಅವಳನ್ನು ಪಟಾಕಿ ಎನ್ನುತ್ತಿದ್ದರು. ಈಗ ಪಟಾಕಿ ಪೂರ್ತಿ ತೇವವಾಗಿತ್ತು. "ನಾನೇ ಬರೆದಿದ್ದು ಆಂಟಿ. ಕಾಲು ಉಳುಕಿದವರನ್ನ ಇಬ್ಬರು ಸೇರಿ ಕೈ ಕೈ ಹಿಡ್ಕೊಂಡು ಎತ್ತಬೇಕು. ನಾಲ್ಕು ಕೈ ಕುರ್ಚಿ ಅಂತಾರೆ. ನಾಳೆ ಶಾಲೆಯವರೆಲ್ಲರ ಮುಂದೆ ತೋರಿಸ್ಬೇಕು. ಇವಳು ಬರದಿದ್ರೆ ನನ್ನವೆರಡೇ ಕೈ."

ನೀರು ಹರಿಯುತ್ತಿತ್ತು. ಇಸ್ತ್ರಿಯಕ್ಕನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸಿತು. ಓಡಿಹೋಗೋಣವೆಂದರೆ ಕೈ ಮಗಳ ಹಿಡಿತದಲ್ಲಿದೆ.

"ಹನ್ನೆರಡು ನಿಮಿಷ," ಎಂದಳು ಮಗಳು.

"ಹೇಳಬಾರದಿತ್ತೇನೇ ನನಗೆ?"

"ಹೇಳೋಕೆ ಬಂದಿದ್ದೆ. ಶಾಲೆ ಶುರುವಾದ ವಾರಾನೇ ಪತ್ರ ತಂದು, ಅಮ್ಮ, ನಮ್ಮಲ್ಲಿ ಕ್ಲಬ್ ಅಂತ ಅಂದೆ. ಆ ಪದ ಈ ಮನೇಲಿ ಬೇಡ ಅಂತ ಎದ್ದು ಹೋದೆ ನೀನು. ಪತ್ರ ನೋಡಲೇ ಇಲ್ಲ. ಅಪ್ಪನ ಹತ್ರ ಸಹಿ ಹಾಕಿಸ್ಕೊಂಡೆ."

"ಅಪ್ಪನಿಗೂ ಗೊತ್ತಾ!"

"ಅಪ್ಪನಿಗೂ ನಿನ್ನ ಕಂಡ್ರೆ ಹೆದರಿಕೆ."

ಪಟಾಕಿಗೆ ನಗು ತಡೆಯಲಾಗಲಿಲ್ಲ. ನರ್ಸಮ್ಮ ಒಮ್ಮೆ ನೋಡಿದರು, ಅದು ಬಾಯಿ ಮುಚ್ಚಿಕೊಂಡಿತು. ಇಸ್ತ್ರಿಯಕ್ಕನಿಗೆ ನಗು ಬರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತು, ತನಗೊಬ್ಬಳಿಗೇ ಗೊತ್ತಿಲ್ಲ. ಅದು ಸುಟ್ಟ ಗಾಯಕ್ಕಿಂತ ಹೆಚ್ಚು ಉರಿಯಿತು.

"ತಪ್ಪು ನನ್ನದೂ ಇದೆ," ಎಂದರು ನರ್ಸಮ್ಮ. "ವಾರ ವಾರ ನಿನ್ನ ಅಂಗಡಿಗೆ ಬರ್ತೀನಿ, ಒಂದು ದಿನ ಹೇಳಲಿಲ್ಲ. ಗೊತ್ತಿರುತ್ತೆ ಅಂದ್ಕೊಂಡೆ. ಮತ್ತೆ ಪಟಾಕಿ, ನೀನೂ ಕೇಳಿಸ್ಕೊ. 'ಅಮ್ಮನಿಗೆ ಹೇಳಬೇಡ' ಅಂತ ಯಾವತ್ತೂ ಬರೀಬಾರದು. ಮನೆಯವರಿಂದ ಮುಚ್ಚಿಡಬೇಕಾದ ಕ್ಲಬ್ಬು ಒಳ್ಳೇ ಕ್ಲಬ್ಬಾಗಿದ್ರೂ ಬೇಡ. ನಾಳೆ ನಿಜವಾಗ್ಲೂ ಕೆಟ್ಟವರು ಯಾರಾದ್ರೂ ಅದೇ ಮಾತು ಹೇಳಿದ್ರೆ, ನಿಮಗೆ ವ್ಯತ್ಯಾಸ ಗೊತ್ತಾಗಲ್ಲ."

ಇಸ್ತ್ರಿಯಕ್ಕ ಸೋತರೂ ಬಿಡುವವಳಲ್ಲ. "ಅದೆಲ್ಲ ಸರಿ ನರ್ಸಮ್ಮ. ಓದೋದು ಯಾವಾಗ? ಇದರಿಂದ ಮಾರ್ಕ್ಸ್ ಬರುತ್ತಾ?"

"ವಾರಕ್ಕೊಂದು ಗಂಟೆ ಕಣಮ್ಮ. ಆ ಗಂಟೆ ಇಲ್ಲಿಗೆ ಬರದಿದ್ರೆ ಓದ್ತಾ ಕೂರ್ತಾಳೆ ಅಂದ್ಕೊಂಡ್ಯಾ? ಮಾರ್ಕ್ಸ್ ಬರುತ್ತೆ ಅಂತ ನಾನು ಸುಳ್ಳು ಆಸೆ ತೋರಿಸಲ್ಲ. ಓದು ಹಿಂದೆ ಬಿದ್ರೆ ಟೀಚರ್ ಹೇಳ್ತಾರೆ, ಆಗ ಕೂತು ಮಾತಾಡೋಣ. ಆದರೆ ಆರು, ಏಳು, ಎಂಟನೇ ಕ್ಲಾಸು ಅಂದ್ರೆ ಎಂಥಾ ವಯಸ್ಸು ಗೊತ್ತಲ್ಲ? ಮಗು ಅಂದ್ರೆ ಸಿಟ್ಟು, ದೊಡ್ಡವಳು ಅಂದ್ರೆ ಅಳು. ತನಗೆ ಏನು ಬರುತ್ತೆ, ಏನು ಇಷ್ಟ ಅಂತ ಹುಡುಕ್ತಾ ಇರ್ತವೆ. ನಾವು ಒಳ್ಳೇ ಜಾಗ ತೋರಿಸದಿದ್ರೆ ಅವೇ ಎಲ್ಲೋ ಒಂದು ಜಾಗ ಹುಡುಕ್ಕೊಳ್ತವೆ. ಇವಳು ಬಂದ ಹೊಸತರಲ್ಲಿ ತನ್ನ ಹೆಸರು ಹೇಳೋಕೂ ತಲೆ ತಗ್ಗಿಸ್ತಿದ್ಲು. ಇವತ್ತು ನಿನ್ನ ಕೈ ಹಿಡಿದು ಎಳ್ಕೊಂಡು ಬಂದ್ಲಲ್ಲ, ನೋಡಿದ್ಯಾ?"

"ಹೆಣ್ಣುಮಗು, ಸಂಜೆ ಒಬ್ಬಳೇ…"

"ಒಬ್ಬಳೇ ಕಳಿಸಲ್ಲ. ಬಂದಾಗ ಹಾಜರಿ, ಹೋಗುವಾಗ ಹಾಜರಿ. ಐದೂವರೆಗೆ ಮುಗಿಯುತ್ತೆ, ಒಂದೊಂದು ಬೀದಿಯ ಮಕ್ಕಳು ಗುಂಪಾಗಿ ಹೋಗ್ತಾರೆ, ಜೊತೆಗೆ ಒಬ್ಬರು ಟೀಚರ್ ಇರ್ತಾರೆ. ಇದನ್ನೆಲ್ಲ ಕೇಳೋದು ನಿನ್ನ ಹಕ್ಕು. ಕೇಳಬೇಕಿತ್ತು, ಅಷ್ಟೇ. ನುಗ್ಗಬೇಕಿರಲಿಲ್ಲ."

"ಇಪ್ಪತ್ತು," ಎಂದಳು ಮಗಳು. ನಲ್ಲಿ ನಿಲ್ಲಿಸಿದಳು. ಗಾಯದ ಮೇಲೆ ಶುದ್ಧವಾದ ಬಟ್ಟೆಯನ್ನು ಸಡಿಲವಾಗಿ ಸುತ್ತಿದಳು. ಆಮೇಲೆ ಒಳಗೆ ಹೋಗಿ ಚೀಲ ಹೆಗಲಿಗೇರಿಸಿಕೊಂಡು ಬಂದಳು.

"ನರ್ಸಮ್ಮ, ನನ್ನ ಹೆಸರು ತೆಗೆದುಬಿಡಿ. ನಾನಿನ್ನು ಬರಲ್ಲ. ಎಲ್ಲರ ಮುಂದೆ ಹೀಗಾದ್ಮೇಲೆ ನಾನು ಹೆಂಗೆ ಕೂತ್ಕೊಳ್ಳಲಿ?" ಗೇಟಿನ ಕಡೆ ತಿರುಗಿದಳು. "ನಡಿ ಅಮ್ಮ, ಹೋಗೋಣ."

ಅರ್ಧ ಗಂಟೆ ಮೊದಲಾಗಿದ್ದರೆ ಈ ಮಾತಿಗೆ ಇಸ್ತ್ರಿಯಕ್ಕ ಖುಷಿಪಡುತ್ತಿದ್ದಳು. ಈಗ ಖುಷಿಯಾಗಲಿಲ್ಲ. ಮಗಳು ಅಪರೂಪಕ್ಕೆ ತಲೆ ಎತ್ತಿದ್ದ ಒಂದೇ ಜಾಗ ಇದು. ಅದನ್ನು ತಾನೇ ಕೈಯಾರೆ ಕಿತ್ತುಹಾಕಿದ್ದಳು.

ಇಸ್ತ್ರಿಯಕ್ಕ ಗೇಟಿನ ಕಡೆ ಹೋಗಲಿಲ್ಲ. ಕೋಣೆಯೊಳಗೆ ಹೋದಳು. ನೆಲದ ಮೇಲೆ ಕುಳಿತು, ಎಡಗೈಯಲ್ಲಿ ಒಂದೊಂದೇ ಕಾರ್ಡು ಎತ್ತತೊಡಗಿದಳು.

"ಮಕ್ಕಳೇ," ಎಂದಳು, ತಲೆ ಎತ್ತದೆ. "ನಮ್ಮಪ್ಪ ಕ್ಲಬ್ಬಿಗೆ ಹೋಗ್ತಿದ್ದ. ಇಸ್ಪೀಟಿನ ಕ್ಲಬ್ಬು. ನಾನು ನಿಮ್ಮಷ್ಟಿದ್ದಾಗ ಬಾಗಿಲಲ್ಲಿ ನಿಂತು ಕರೀತಿದ್ದೆ, ಬರ್ತಿರಲಿಲ್ಲ. ಆ ಹೆಸರು ಕೇಳಿದ್ರೆ ನನಗೆ ತಲೆ ಕೆಡುತ್ತೆ. ನಮ್ಮಪ್ಪನ ಮೇಲಿನ ಸಿಟ್ಟನ್ನ ನನ್ನ ಮಗಳ ಮೇಲೆ ತೋರಿಸ್ದೆ. ಅವಳದ್ದೇನೂ ತಪ್ಪಿಲ್ಲ. ನೀವ್ಯಾರೂ ಅವಳನ್ನ ಆಡಿಕೊಂಡು ನಗಬೇಡಿ. ನಗೋದಾದ್ರೆ ನನ್ನ ನೋಡಿ ನಗಿ."

ಯಾರೂ ನಗಲಿಲ್ಲ. ಕುರ್ಚಿಯ ಹಿಂದಿದ್ದ ಪುಟ್ಟ ಹುಡುಗ ಬಂದು ಅವಳ ಪಕ್ಕ ಕುಳಿತು ಕಾರ್ಡು ಆರಿಸತೊಡಗಿದ. ಮಗಳು ಬಾಗಿಲಲ್ಲೇ ನಿಂತಿದ್ದಳು. ಅಮ್ಮ ಯಾರ ಮುಂದೆಯೂ ತಪ್ಪಾಯಿತು ಎಂದದ್ದನ್ನು ಅವಳು ನೋಡಿರಲಿಲ್ಲ.

"ನಾಳೆ ಎಷ್ಟು ಗಂಟೆಗೇ ನಿಮ್ಮದು?" ಎಂದು ಇಸ್ತ್ರಿಯಕ್ಕ ಕೇಳಿದಳು.

ಮಗಳು ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಹತ್ತು ಗಂಟೆಗೆ ಆಂಟಿ!" ಎಂದಳು ಪಟಾಕಿ.

"ನಿನ್ನ ಕೇಳಲಿಲ್ಲ. ನನ್ನ ಮಗಳು ಹೇಳ್ಲಿ."

ಮಗಳ ಹೆಗಲಿನಿಂದ ಚೀಲ ಜಾರಿ ಬಾಗಿಲ ಬಳಿ ಕೆಳಗಿಳಿಯಿತು.

"ಹತ್ತಕ್ಕೆ," ಎಂದಳು ಮಗಳು. "ನೀನು ಒಂಬತ್ತೂಮುಕ್ಕಾಲಿಗೇ ಬಾ. ಮುಂದಿನ ಸಾಲಲ್ಲಿ ಕೂತ್ಕೊ."

ಓದುಗರೇ, ಇಸ್ತ್ರಿಯಕ್ಕ ಮರುದಿನ ಒಂಬತ್ತೂವರೆಗೇ ಹೋಗಿ ಕುಳಿತಿದ್ದಳು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಮನೆಯಲ್ಲೂ ಆರನೆಯದೋ ಏಳನೆಯದೋ ಎಂಟನೆಯದೋ ಓದುವ ಮಗುವಿರಬಹುದು. ಅವರ ಶಾಲೆಯಲ್ಲಿ ವಿಜ್ಞಾನ, ನಾಟಕ, ಚದುರಂಗ, ತೋಟಗಾರಿಕೆ, ಹೀಗೆ ಯಾವುದಾದರೂ ಕ್ಲಬ್ ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ನಾಲ್ಕು ಜನ ಹೆತ್ತವರು ಸೇರಿ ಟೀಚರನ್ನು ಕೇಳಿ. ಯಾರು ನಡೆಸುತ್ತಾರೆ, ಎಷ್ಟು ಹೊತ್ತಿಗೆ ಬಿಡುತ್ತಾರೆ, ಮನೆಗೆ ಯಾರ ಜೊತೆ ಬರುತ್ತಾರೆ ಎಂದು ನಾಚಿಕೆಪಡದೆ ಕೇಳಿ ತಿಳಿದುಕೊಳ್ಳಿ. ಮಕ್ಕಳು ತಂದ ಪತ್ರವನ್ನು ಪೂರ್ತಿ ಓದಿ, ಓದಲು ಬಾರದಿದ್ದರೆ ಅವರಿಂದಲೇ ಓದಿಸಿ. ಒಂದೇ ಕ್ಲಬ್ ಆದರೂ ಸಾಕು, ಆದರೆ ಆರಿಸುವುದು ಅವರಾಗಿರಲಿ.

ಇವತ್ತು ಮಗು ಮನೆಗೆ ಬಂದಾಗ, ಮಾರ್ಕ್ಸ್ ಎಷ್ಟು ಎಂದು ಕೇಳುವ ಮೊದಲು, "ನಿನಗೆ ಏನು ಮಾಡೋಕೆ ಇಷ್ಟ?" ಎಂದು ಕೇಳಿ. ಕೇಳಿ ಎದ್ದು ಹೋಗಬೇಡಿ. ಉತ್ತರ ಬರುವವರೆಗೆ ಅಲ್ಲೇ ಕುಳಿತಿರಿ.