ಹಿಂದಿನ ಗಾಲಿಯ ಕಡ್ಡಿಗಳು

ಸೈಕಲ್ಲಿನ ಹಿಂದಿನ ಗಾಲಿಯ ಕಡ್ಡಿಗಳನ್ನು ಕತ್ತರಿಸಿದವಳು ನಾನೇ. ಮತ್ತೇನು ಮಾಡಬೇಕಿತ್ತು? ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ, ಹೇಳಿಯೇ ಬಿಡುತ್ತೇನೆ: ಅಂಬಾದಾಸ. ದಿನಾ ನಿಂಬೆಹಣ್ಣಿನ ಚೀಲವನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಅಥಣಿ ರಸ್ತೆಯ ನಮ್ಮ ಮನೆಯಿಂದ ಗಾಂಧಿ ಚೌಕಕ್ಕೆ ಹೋಗಿ ಮಾರುತ್ತಾರೆ. ಸಕ್ಕರೆ ಕಾಯಿಲೆ ಕಣ್ಣು ತಿಂದುಹಾಕಿದೆ. ಹೋದ ಕಣ್ಣು ಮರಳಿ ಬರುವುದಿಲ್ಲ ಅಂತ ಡಾಕ್ಟರು ಅಂದರೂ ಇವರದು ಒಂದೇ ಮಾತು: "ನನಗ ಎಲ್ಲಾ ಚಂದ ಕಾಣತೈತಿ." ಕಳೆದ ವಾರ ಲಾರಿಯಡಿ ಸಿಗುವುದು ಸ್ವಲ್ಪದರಲ್ಲಿ ತಪ್ಪಿತು. ಪಕ್ಕದ ಮನೆಯ ಜಾವೀದ ಕೈಹಿಡಿದು ಕರೆತಂದಾಗ ನನ್ನ ಜೀವ ಬಾಯಿಗೆ ಬಂದಿತ್ತು.

ಬೇಡ ಅಂದೆ, ಕಣ್ಣೀರು ಹಾಕಿದೆ, ಊಟ ಬಿಟ್ಟೆ. ಕೇಳಲಿಲ್ಲ. ಅದಕ್ಕೇ ತಂತಿ ಕತ್ತರಿಸುವ ಪಕ್ಕಡ್ ತಗೊಂಡು ಕಟಕಟ ಕತ್ತರಿಸಿದೆ. ಭಾರಕ್ಕೆ ಮುರಿದವು ಅಂತ ಸುಳ್ಳು ಹೇಳಿದೆ. ಪುಣ್ಯಾತ್ಮರು ಜಾವೀದನ ಕಡೆಯಿಂದ ಹೊಸ ಕಡ್ಡಿ ತರಿಸಿ, ಟೈರು ಬಿಚ್ಚಿ, ಸೈಕಲ್ಲು ತಲೆಕೆಳಗು ಮಾಡಿಕೊಂಡು ಅಂಗಳದಲ್ಲಿ ಕೂತೇಬಿಡಬೇಕೆ!

ಕಡ್ಡಿ ಪೋಣಿಸುವಾಗ ಕಣ್ಣು ಎತ್ತಲೋ ಇತ್ತು, ತೂತು ಹುಡುಕುತ್ತಿದ್ದುದು ಬೆರಳು. ಹೆಬ್ಬೆರಳ ಉಗುರನ್ನು ರಿಮ್ಮಿನ ಅಂಚಿಗೆ ಹಿಡಿದು ಗಾಲಿ ತಿರುಗಿಸುವರು. ಉಗುರಿಗೆ ತಾಗಿದಲ್ಲಿ ಆಚೆ ಬದಿಯ ಕಡ್ಡಿಯನ್ನು ಬಿಗಿ ಮಾಡುವರು. ಗಾಲಿ ನೆಟ್ಟಗೆ ತಿರುಗತೊಡಗಿತು. ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ಹಳೆಯ ತುಂಡೊಂದನ್ನು ಎತ್ತಿಕೊಂಡು ತುದಿ ಸವರಿ, ನನ್ನ ಕಡೆ ತಿರುಗಿದರು.

"ಪರಸಿ, ಭಾರಕ್ಕ ಮುರದ್ರ ಕಡ್ಡಿ ಬುಡದಾಗ, ಬಾಗಿದಲ್ಲಿ ಮುರೀತಾವ. ಇವು ನಟ್ಟನಡುವ ತುಂಡಾಗ್ಯಾವ."

"ಹೌದ್ರಿ, ನಾನ ಕತ್ತರಿಸೇನಿ! ಮತ್ತ ಕತ್ತರಿಸ್ತೇನಿ! ನಿಮ್ಮ ಹೆಣಾ ಬರೂದನ್ನ ಕಾಯ್ಕೋತ ಕುಂದ್ರಲೇನು?" ಅಂತ ಒದರಿದೆ. ಅಳು ತಡೆಯಲಾಗಲಿಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀ ಕತ್ತರಿಸಿದ್ರ ನಾ ಮತ್ತ ಕಟ್ಟತೇನಿ, ಹುಚ್ಚಿ. ನಾನ ಕತ್ತರಿಸಿದ್ರ ಮತ್ತ ಕಟ್ಟಂಗಿಲ್ಲ. ಪಕ್ಕಡ್ ಇಲ್ಲಿ ಕೊಡು."

ಕೊಟ್ಟೆ. ಈಗಷ್ಟೇ ಕಟ್ಟಿದ ಗಾಲಿಯ ಕಡ್ಡಿಗಳನ್ನು ಅವರೇ ಒಂದೊಂದಾಗಿ ಕತ್ತರಿಸತೊಡಗಿದರು. "ಬ್ಯಾಡ್ರಿ, ಸಾಕ್ರಿ" ಅಂತ ನಾನೇ ಕೈ ಹಿಡಿದೆ. ಕೊಸರಿಕೊಂಡರು. ರಿಮ್ಮು ಡೊಂಕಾಗಿ ಒಂದು ಕಡೆ ಜೋತುಬಿತ್ತು. ಆದರೂ ಅವರ ಕೈ ಗಾಲಿಯ ಮೇಲೆ ತಡಕಾಡುತ್ತಲೇ ಇತ್ತು.

"ಇನ್ನೂ ಯಾವರ ಕಡ್ಡಿ ಉಳದಾವೇನ ನೋಡು, ಪರಸಿ," ಅಂದರು. "ನನಗ ಕಾಣವಲ್ವು."