ಸಣ್ಣತಾಯಮ್ಮನ ಆನೆಗಳು

ಪೂರಿಗಾಲಿ ಊರಲ್ಲಿ ಯತೀಶ ಎರಡು ವಿಷ್ಯಕ್ಕೆ ಫೇಮಸ್ಸು. ಒಂದು, ಮದ್ದೂರ್ ಕಡೆ ಮನೆಗಳಿಗೆ ಪೇಂಟ್ ಹೊಡಿಯೋದು. ಇನ್ನೊಂದು, ಬಾಯ್ ಬಿಟ್ರೆ ಸಿನಿಮಾ ಡೈಲಾಗ್ ಹೊಡಿಯೋದು. ಹಲ್ಲನ್ನೂ ಸ್ಲೋಮೋಷನ್ನಲ್ಲೇ ಉಜ್ಜೋ ಆಸಾಮಿ.

ಅವತ್ತು ಬೆಳಗ್ಗೆನೇ ಅವನ ಅಪ್ಪ ಅಮ್ಮ ಸೋಮನಹಳ್ಳಿಗೆ ಹೋಗಿದ್ರು, ಅಕ್ಕ ನಯನನ್ನ ಕರ್ಕೊಂಡು ಬರೋಕೆ. ಅವಳಿಗೆ ಏಳು ತಿಂಗಳು. ಸೀಮಂತ ಮುಗ್ದಿತ್ತು, ಇನ್ನು ಹೆರಿಗೆ ತವರಲ್ಲಿ. ಅವಳಿಗೆ ಅಂತ ಖಾಲಿ ಮಾಡಿಟ್ಟಿದ್ದ ರೂಮಿನ ಬಾಗಿಲು ತಳ್ಳಿದ ತಕ್ಷಣ ಥಿಯೇಟ್ರಲ್ಲಿ ಶಿಳ್ಳೆ ಬೀಳೋ ಸೀನ್ ಇರ್ಬೇಕು ಅಂತ ಯತೀಶನ ಪ್ಲಾನು.

ಅಜ್ಜಿ ಸಣ್ಣತಾಯಮ್ಮನ ಮಂಡೀದು ಹಳೇ ಎಕ್ಸ್‌ರೇ ಹಾಳೆ ಮೊಳೇಲಿ ನೇತಾಡ್ತಿತ್ತು. ಮಂಡಿ ವಾಸಿಯಾಗಿ ಮೂರು ವರ್ಷ. ಅದನ್ನೇ ಬ್ಲೇಡಲ್ಲಿ ಮರಿಯಾನೆ ಆಕಾರಕ್ಕೆ ಕುಯ್ದು ಸ್ಟೆನ್ಸಿಲ್ ಮಾಡ್ಕೊಂಡ. ಗೋಡೆಗೆ ಟೇಪ್ ಹಾಕಿ ಅಂಟಿಸಿ, ಸ್ಪಂಜಿಗೆ ಒಂಚೂರೇ ನೀಲಿ ತಗುಲ್ಸಿ, ಟಪ ಟಪ ಟಪ. ಬಣ್ಣ ಜಾಸ್ತಿ ಆದ್ರೆ ಅಂಚಲ್ಲಿ ನುಗ್ಗಿ ಆನೆ ಎಮ್ಮೆ ಆಗ್ಬುಡುತ್ತೆ. ಹಾಳೆ ಎತ್ತಿದ್ರೆ, ಆಹಾ, ಸೊಂಡ್ಲೆತ್ತಿ ನಗೋ ಮರಿ! ಒಂದರ ಹಿಂದೆ ಒಂದು, ಗೋಡೆ ಪೂರ್ತಿ ಮೆರವಣಿಗೆ.

ಅಜ್ಜಿ ಮಜ್ಜಿಗೆ ಲೋಟ ಹಿಡ್ಕೊಂಡು ಬಂದವಳು ಹೊಸ್ಲಲ್ಲೇ ನಿಂತ್ಲು.

"ಏನ್ಲಾ ಇದು?"

"ಆನೆ ಕಣಜ್ಜಿ. ಯತೀಸನ ಕೋಟೆಗೆ ಅವ್ನ ಅಳಿಯ ಬತ್ತಾವ್ನೆ! ಆನೆ ಇಲ್ದೆ ಎಂಟ್ರಿ ಕೊಡ್ತಾನಾ?"

"ಅಯ್ಯೋ ಮುಂಡೇದೆ! ಉಟ್ಟೋಕ್ ಮುಂಚೆ ಕೂಸಿಗೆ ಅಂತ ಒಂದ್ ದಾರನೂ ತರ್ಬಾರ್ದು ಕಣ್ಲಾ. ಓದ್ಸಲ ಅವ್ಳ ಗಂಡ ತೊಟ್ಲು ತಂದು ಮಡುಗ್ದ. ಏನಾಯ್ತು, ಮರ್ತೋಯ್ತಾ?"

ಯತೀಶ ಸ್ಪಂಜು ಕೆಳಗಿಟ್ಟ. ಹೋದ್ಸಲ ಐದನೇ ತಿಂಗಳಲ್ಲೇ ಕೂಸು ಹೋಗ್ಬುಡ್ತು. ಖಾಲಿ ತೊಟ್ಲು ಹಿಡ್ಕೊಂಡು ಅಕ್ಕ ಕೂತಿದ್ದು ಯತೀಶ ಮರ್ತಿರ್ಲಿಲ್ಲ. ತೊಟ್ಲು, ಬಟ್ಟೆ ತರಬಾರ್ದು ಅಂತ ಗೊತ್ತಿತ್ತು. ಗೋಡೆ ಚಿತ್ರಕ್ಕೂ ಆ ಮಾತು ಅನ್ವಯ್ಸುತ್ತೆ ಅಂತ ಹೊಳ್ದೇ ಇರ್ಲಿಲ್ಲ.

"ಬಿಳೀ ಬಣ್ಣ ಬಳ್ದಾಕು. ಅವ್ಳು ನೋಡುದ್ರೆ ಎದ್ರುಕೋತಾಳೆ."

ಅವನು ರೋಲರ್ ಅದ್ದೋ ಹೊತ್ತಿಗೆ ಹೊರಗೆ ಕಾರು ನಿಂತ್ಕಂತು. ನಯನ ನೇರ ರೂಮಿಗೇ ಬಂದ್ಲು. ಗೋಡೆ ನೋಡಿದ್ಲು. ಕೈ ತಂತಾನೇ ಹೊಟ್ಟೆ ಮೇಲೆ ಹೋಯ್ತು.

"ಯತಿ... ಇದು ಯಾರಿಗ್ಲಾ?"

ಯತೀಶ ರೋಲರನ್ನ ಬೆನ್ನ ಹಿಂದೆ ಬಚ್ಚಿಟ್ಕೊಂಡ. ರೋಲರಿಂದ ಬಿಳೀ ಬಣ್ಣ ಕಾಲ್ಮೇಲೆ ತೊಟ್ಟಿಕ್ತಿತ್ತು.

ಅಜ್ಜಿ ಅವನನ್ನ ಪಕ್ಕಕ್ಕೆ ನೂಕಿ ಮುಂದೆ ಬಂದ್ಲು.

"ನಂಗೆ ಕಣವ್ವ! ಇದು ನನ್ ರೂಮು. ನಾನೇ ಈ ನನ್ಮಗನ್ಗೆ ಏಳಿ ಆನೆ ಬರ್ಸಿದ್ದು." ಆಮೇಲೆ ಕಿಟಕಿ ಕಡೆ ತಿರುಗಿ, ಕೂಸಿಗೆ ಕಣ್ಣು ಹಾಕೋ ವಿಧಿಯೋ ದೆವ್ವವೋ, ಯಾರಿಗೆ ಕೇಳಿಸ್ಬೇಕೋ ಅವರಿಗೆ ಕೇಳಿಸ್ಲಿ ಅಂತ ಕೂಗಿದ್ಲು: "ಮುದ್ಕೀಗೆ ಅಂತ ಬರ್ದಿರೋದು! ಇನ್ಯಾರ್ಗೂ ಅಲ್ಲ!"

ನಯನ ಅಜ್ಜಿ ಮುಖ ನೋಡಿದ್ಲು, ಆನೆ ನೋಡಿದ್ಲು. ತುಟಿ ತುದೀಲಿ ನಗು ಸಣ್ಣಗೆ ಮೂಡ್ತು.

"ಎಪ್ಪತ್ತೆಂಟಕ್ಕೆ ಮರಿಯಾನೆ ಬೇಕಾಯ್ತಾ ಅಜ್ಜಿ?"

"ಯಾಕೆ, ನಂಗೇನ್ ಅಂತಾ ವಯಸ್ಸಾಗ್ಬುಟ್ಟದೆ?"

ಯತೀಶ ರೋಲರ್ ಮೂಲೆಗೆ ಹಾಕ್ದ. "ಅಜ್ಜಿ, ನೀನು ಈರೋಯಿನ್ನು ಕಣಮ್ಮ! ಏನ್ ಟೈಮಿಂಗು!"

"ಬಾಯ್ಮುಚ್ಕಂಡು ನನ್ ಆಸ್ಗೆ ತಕ್ಕಂಬಾರ್ಲಾ."

ತಂದ. ಚಾಪೆ, ಕಂಬಳಿ, ಎಲಡ್ಕೆ ಚೀಲ, ಎಲ್ಲಾ ಆ ರೂಮಿಗೆ ಶಿಫ್ಟು. "ಅಂಗಾರೆ ನಾನೆಲ್ಲಿ ಮಲಿಕ್ಕಳ್ಳಿ?" ಅಂದ್ಲು ನಯನ.

"ನನ್ ಪಕ್ಕ. ನೆಂಟ್ರಂಗೆ ಬಂದಿದ್ದೀಯ, ಒಸಿ ಜಾಗ ಕೊಡ್ತೀನಿ ಬಾ."

ನಯನ ಗೋಡೆ ಕಡೆ ತಿರುಗಿ ಮಲಿಕ್ಕಂಡ್ಲು. ಬೆರಳಲ್ಲಿ ಒಂದೊಂದೇ ತೋರ್ಸ್ಕೊಂಡು, ಬಾಯೊಳಗೇ ಒಂದು, ಎರಡು ಅಂತಿದ್ಲು.

"ಎಣಿಸ್ಬ್ಯಾಡ ಬುಡವ್ವ," ಅಂದ್ಲು ಸಣ್ಣತಾಯಮ್ಮ, ಅವಳ ತಲೆ ಸವರ್ತಾ. "ನನ್ ಆನೆಗೆ ದಿಷ್ಟಿ ಆಯ್ತದೆ."